ಚಪ್ಪಲಿ ಸ್ಟ್ಯಾಂಡಿನ ಮೂರು ಕಂಪ್ಯೂಟರುಗಳು

ಲಿಫ್ಟ್ ರಿಪೇರಿ ಮಾಡುವ ಒಬ್ಬರಿಗೆ ಮೇಷ್ಟ್ರು ಎಂಬ ಹೆಸರು ಸುಮ್ಮನೆ ಬಿದ್ದದ್ದಲ್ಲ. ಲಿಫ್ಟಿನಲ್ಲಿ ಸಿಕ್ಕಿಬಿದ್ದವರನ್ನು ಹೊರಗೆ ತೆಗೆಯುವ ಮೊದಲು, ಲಿಫ್ಟ್ ಹೇಗೆ ಕೆಲಸ ಮಾಡುತ್ತದೆಂದು ಬಾಗಿಲಾಚೆಯಿಂದಲೇ ಪಾಠ ಹೇಳುತ್ತಿದ್ದರು. ಒಳಗಿದ್ದವರು ಕೇಳದೆ ಎಲ್ಲಿಗೆ ಹೋದಾರು?

ರಿಪೇರಿಗೆ ಹೋದ ಕಟ್ಟಡಗಳಲ್ಲಿ ಆಫೀಸಿನವರು ಎಸೆಯಲೆಂದು ಮೆಟ್ಟಿಲ ಕೆಳಗಿಟ್ಟ ಹಳೆಯ ಕಂಪ್ಯೂಟರು ಕಂಡರೆ ಅವರ ಕರುಳು ಚುರ್ ಎನ್ನುತ್ತಿತ್ತು. ಒಂದೊಂದಾಗಿ ಮನೆಗೆ ಹೊತ್ತು ತಂದರು. ಇದರ ಮೆಮೊರಿ ಅದಕ್ಕೆ, ಅದರ ಫ್ಯಾನು ಮತ್ತೊಂದಕ್ಕೆ ಹಾಕಿ, ಏಳು ಸತ್ತ ಡಬ್ಬಗಳಿಂದ ಮೂರು ಸರ್ವರ್ ಎಬ್ಬಿಸಿದರು. ಅವನ್ನಿಡಲು ಹಜಾರದ ಚಪ್ಪಲಿ ಸ್ಟ್ಯಾಂಡೇ ಸರಿಹೊಂದಿತು, ಚಪ್ಪಲಿಗಳು ಬೀದಿಪಾಲಾದವು. ಟೇಬಲ್ ಫ್ಯಾನು ಕೂಡ ಅತ್ತ ತಿರುಗಿತು. ಮನೆಯವರು ಪೇಪರ್ ಬೀಸಿಕೊಂಡು ಕೂತರು.

"ಅದರೊಳಗೆ ಅಂಥದ್ದು ಏನಿದೆ ರೀ?" ಎಂದು ಹೆಂಡತಿ ಕೇಳುತ್ತಿದ್ದರು.

"ಎಲ್ಲಾದಕ್ಕೂ ಮೂರು ಕಾಪಿ ಇರುತ್ತೆ. ಒಂದು ಹೋದ್ರೂ ಇನ್ನೆರಡು ಇರುತ್ತೆ."

ಯಾವುದರ ಕಾಪಿ ಎಂದರೆ ಮಾತ್ರ ಸ್ಕ್ರೂಡ್ರೈವರ್ ಹುಡುಕಲು ಎದ್ದುಹೋಗುತ್ತಿದ್ದರು. ನಿಜ ಹೇಳಬೇಕೆಂದರೆ ಒಳಗಿದ್ದದ್ದು ಲಿಫ್ಟ್ ಮೋಟರುಗಳ ಫೋಟೊ.

ಹೆಂಡತಿ ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ನಿವೃತ್ತಿಯಾದ ಮೇಲೆ ಆ ದಿನಗಳ ನೆನಪನ್ನು ಲ್ಯಾಪ್‌ಟಾಪಿನಲ್ಲಿ ಒಂದೇ ಬೆರಳಿನಿಂದ ಕುಟ್ಟುತ್ತಿದ್ದರು. ಎರಡು ವರ್ಷಕ್ಕೆ ಇನ್ನೂರು ಪುಟವಾಯಿತು. ಲ್ಯಾಪ್‌ಟಾಪ್ ಕೈಕೊಡುವ ಹಾಗೆ ಕಂಡಾಗ, "ತಗೊಳ್ಳಿ, ನಿಮ್ಮ ಸ್ಟ್ಯಾಂಡಲ್ಲೇ ಇಡಿ. ಇನ್ಮೇಲೆ ಅಲ್ಲೇ ಬರೀತೀನಿ" ಎಂದರು. ಮೇಷ್ಟ್ರಿಗೆ ಸ್ವರ್ಗಕ್ಕೆ ಮೂರೇ ಗೇಣು. ಪುಟಗಳನ್ನು ಇಳಿಸಿಕೊಂಡವರೇ ಲ್ಯಾಪ್‌ಟಾಪನ್ನೂ ಬಿಚ್ಚಿ, ಅದರ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಅಳಿಸಿ ಮೂರನೆಯ ಸರ್ವರಿಗೆ ಹಾಕಿಬಿಟ್ಟರು.

ಒಂದು ಶನಿವಾರ ಬೆಳಿಗ್ಗೆ ಜಾಗ ಖಾಲಿ ಮಾಡುವ ಹುಮ್ಮಸ್ಸಿನಲ್ಲಿ, ಹಳೆಯದೆಂದುಕೊಂಡು ಒಂದು ಫೋಲ್ಡರ್ ಅಳಿಸಿದರು. ಅದು ಹೆರಿಗೆ ವಾರ್ಡಿನದು. ಇನ್ನೆರಡು ಇವೆಯಲ್ಲ ಎಂದು ನೋಡಿದರೆ, ಅಲ್ಲೂ ಇಲ್ಲ. ಒಂದು ಮಾಡಿದ್ದನ್ನು ಉಳಿದೆರಡು ತಕ್ಷಣ ಮಾಡಬೇಕೆಂದು ಕಲಿಸಿದ್ದವರು ಅವರೇ. ಅವು ಹೇಳಿದ ಮಾತು ಮೀರಿರಲಿಲ್ಲ, ಅಷ್ಟೆ.

ಅಳಿಸಿದ್ದನ್ನು ಹುಡುಕಿ ತೆಗೆಯುವ ಸಾಫ್ಟ್‌ವೇರ್ ಹಾಕಿ ಮೂರು ದಿನ ಕೂತರು. ಹೊರಬಂದದ್ದೆಲ್ಲ ಮೋಟರುಗಳೇ. ಹೆಂಡತಿ ಬರೆಯಲು ಬಂದಾಗಲೆಲ್ಲ "ಕೇಬಲ್ ಸರಿ ಮಾಡ್ತಿದೀನಿ" ಎಂದರು. ನಾಲ್ಕನೆಯ ದಿನ, ಆಕೆ ಬಟ್ಟೆ ಮಡಚುತ್ತಿದ್ದಾಗ ಎದುರಿಗೆ ಕೂತು ಹೇಳಿಬಿಟ್ಟರು. ಪಾಠ ಗೀಠ ಏನಿಲ್ಲದೆ, ಮೂರೇ ವಾಕ್ಯದಲ್ಲಿ.

ಆಕೆ ಕೈಯಲ್ಲಿದ್ದ ಟವೆಲ್ ಮಡಚಿ ಮುಗಿಸಿದರು. ಆಮೇಲೆ ಎದ್ದುಹೋಗಿ ಹೊಲಿಗೆ ಡಬ್ಬಿಯಿಂದ ಒಂದು ಪೆನ್ ಡ್ರೈವ್ ತಂದು ಅವರ ಅಂಗೈಯಲ್ಲಿಟ್ಟರು.

"ಪ್ರತಿ ಭಾನುವಾರ ಇದಕ್ಕೂ ಹಾಕ್ಕೋತಿದ್ದೆ."

ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ಹೋದ ಜೀವ ಬಂದಂತಾದ ಮೇಲೆ, ಸ್ವಲ್ಪ ಮೂಗೂ ಕೆಂಪಾಯಿತು. "ಅಂದ್ರೆ ನನ್ನ ಮೇಲೆ ನಂಬಿಕೆ ಇರ್ಲಿಲ್ಲ."

"ನಂಬಿಕೆ ಮಾತಲ್ಲ ರೀ. ಹುಟ್ಟಿದ ಮಗುಗೆ ಅಮ್ಮನ ಹೆಸರು ಬರೆದ ಪಟ್ಟಿ ಕೈಗೊಂದು, ಕಾಲಿಗೊಂದು ಕಟ್ತಿದ್ವಿ. ಎಲ್ಲಾನೂ ಒಂದೇ ಕೈಗೆ ಕಟ್ಟಿದ್ರೆ ಏನು ಬಂತು?"

ಮೇಷ್ಟ್ರು ನಡುವೆ ಬಾಯಿ ಹಾಕದೆ ಕೇಳಿದ ಮೊದಲ ಪಾಠ ಅದು.

"ಆದ್ರೆ ಪೂರ್ತಿ ಇಲ್ಲ" ಎಂದರು ಆಕೆ. "ಹೋದ ವಾರ ಬರೆದ ಎರಡು ಪುಟ ಹೋಯ್ತು."

"ಯಾವ ಹೆರಿಗೇದು?"

"ಹೆರಿಗೇದಲ್ಲ. ನಿಮ್ಮ ಬಗ್ಗೆ. ನಾಲ್ಕು ಒಳ್ಳೆ ಮಾತು ಬರೆದಿದ್ದೆ."

"ಏನಂತ?"

"ಈಗೆಲ್ಲಿ ನೆನಪಿರುತ್ತೆ" ಎಂದು ಆಕೆ ಇನ್ನೊಂದು ಟವೆಲ್ ತೆಗೆದುಕೊಂಡರು.

ಮೇಷ್ಟ್ರು ಎದ್ದು ಹಜಾರಕ್ಕೆ ಹೋಗಿ ಮತ್ತೆ ಕಂಪ್ಯೂಟರಿನ ಮುಂದೆ ಕೂತರು. ಇದಾಗಿ ಎಂಟು ತಿಂಗಳಾಯಿತು. ಇನ್ನೂ ಹುಡುಕುತ್ತಿದ್ದಾರೆ.