ಅತ್ತಿಗೆಗೆ ಬೇಕಾಗಿದ್ದ ಒಂದು ಸಹಿ

ನಾನು ಚಪ್ಪಲಿ ಅಂಗಡಿಯಲ್ಲಿ ಬಿಲ್ ಹಾಕುವವನು. ಕಂಪ್ಯೂಟರ್ ಕೈಕೊಟ್ಟರೆ ಆಫ್ ಮಾಡಿ ಆನ್ ಮಾಡುತ್ತೇನೆ. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು. ಇಂಥ ನಾನೇ, ನಲವತ್ತು ದಾಟಿದ ಅತ್ತಿಗೆ ಕಂಪ್ಯೂಟರಿನ ಮಾಹಿತಿ ಸುರಕ್ಷತೆ ಓದಲು ಕಾಲೇಜಿಗೆ ಸೇರಿದಾಗ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು.

ಅತ್ತಿಗೆ ಹೊತ್ತು ಹೋಗದೆ ಸೇರಿದವರಲ್ಲ. ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ವರದಿ ಟೈಪ್ ಮಾಡುತ್ತಿದ್ದರು. ಅಲ್ಲಿ ಇಡೀ ಸಿಬ್ಬಂದಿಗೆ ಒಂದೇ ಪಾಸ್‌ವರ್ಡ್, ಅದೂ ಅತ್ತಿಗೆಯ ಹೆಸರಲ್ಲಿ. ಒಮ್ಮೆ ಯಾರದೋ ವರದಿ ಹೊರಗೆ ಸೋರಿತು. ಹೆಸರು ಅತ್ತಿಗೆಯದು, ಹಾಗಾಗಿ ತಪ್ಪೂ ಅವರದೇ. “ನಾನಲ್ಲ” ಎನ್ನಲು ಬಂತು, ಹೇಗೆ ನಾನಲ್ಲ ಎಂದು ತೋರಿಸಲು ಬರಲಿಲ್ಲ. ಕೆಲಸ ಹೋಯಿತು. ತೋರಿಸುವುದನ್ನು ಕಲಿತೇ ತೀರುತ್ತೇನೆಂದು ಹೊರಟರು.

ಕೊನೆಯ ವರ್ಷದ ಕೆಲಸ ಹೀಗಿತ್ತು: ಯಾವುದಾದರೂ ಅಂಗಡಿಯ ಕಂಪ್ಯೂಟರುಗಳನ್ನು ಪರೀಕ್ಷಿಸಿ, ಕಳ್ಳರು ನುಗ್ಗಲು ಎಲ್ಲೆಲ್ಲಿ ತೂತಿದೆ ಎಂದು ವರದಿ ಬರೆಯಬೇಕು. ಮಾಲೀಕರು ಒಪ್ಪಿದ್ದೇನೆಂದು ಸಹಿ ಹಾಕಿರಬೇಕು. ಸಹಿಯಿಲ್ಲದೆ ಮುಟ್ಟಿದರೆ ಅದು ಕಳ್ಳತನ ಎಂದು ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ವರದಿ ಇಲ್ಲದಿದ್ದರೆ ವರ್ಷ ಹಾಳು.

ಅತ್ತಿಗೆ ಬೀದಿ ಬೀದಿ ಅಲೆದರು. ಔಷಧಿ ಅಂಗಡಿಯವರು, “ಪಾಸ್‌ವರ್ಡ್ ಬೇಕಾ? ಬರ್ಕೊಳ್ಳಿ. ಸಹಿಗಿಹಿ ಮಾತ್ರ ಬೇಡಮ್ಮ” ಎಂದರು. ಹಲ್ಲಿನ ಡಾಕ್ಟರಮ್ಮ ಕಂಪ್ಯೂಟರಿನ ಮುಂದಿನ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟು, ಸಹಿಯ ಹಾಳೆ ಕಂಡೊಡನೆ ವಾಪಸ್ ಬಂದು ಕೂತರು. ಮನೆಯ ಬೀಗದ ಕೈ ಕೊಡುತ್ತಾರೆ, ಕೊಟ್ಟೆ ಎಂದು ಒಪ್ಪುವುದಿಲ್ಲ.

ನನಗೆ ತಡೆಯಲಾಗಲಿಲ್ಲ. “ನಮ್ಮ ಧಣಿ ನನ್ನ ಮಾತು ಮೀರಲ್ಲ, ಬನ್ನಿ ಅತ್ತಿಗೆ.”

“ನಿನ್ನ ಹೆಸರೇ ಅವರಿಗೆ ಸರಿಯಾಗಿ ನೆನಪಿರಲ್ವಲ್ಲೋ.”

ಆದರೂ ಬಂದರು. ಧಣಿ ಡಬ್ಬಗಳ ನಡುವೆ ಜಾಗ ಮಾಡಿ ಕೂರಿಸಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅದು ಅವರ ವ್ಯಾಪಾರದ ಗುಟ್ಟು.

“ಸಹಿ ಹಾಕ್ತೀನಿ ತಾಯಿ. ವರದೀಲಿ ಎಲ್ಲಾ ಸರಿಯಾಗಿದೆ ಅಂತ ಬರೀಬೇಕು, ಅಷ್ಟೆ.”

“ನೋಡೋಕೆ ಮುಂಚೆ ಹೇಗೆ ಬರೀಲಿ?”

“ನೋಡೋದೇನು ಬಂತು? ನಿಮ್ಮ ಮೈದುನ ಇಲ್ಲೇ ಕೂತಿರ್ತಾನೆ. ಅವನಿಗಿಂತ ಭದ್ರತೆ ಬೇಕಾ?”

ಅಷ್ಟರಲ್ಲಿ ನಾನು ಕಂಪ್ಯೂಟರ್ ಪರದೆಗೆ ಅಂಟಿಸಿದ್ದ ಪಾಸ್‌ವರ್ಡ್ ಚೀಟಿಯನ್ನು ಮೊಣಕೈಯಿಂದ ಮರೆಮಾಡುತ್ತಿದ್ದೆ.

“ಮುಚ್ಕೋಬೇಡ, ಓದಿಯಾಯ್ತು” ಎಂದು ಅತ್ತಿಗೆ ಎದ್ದರು.

ಹಾದಿಯಲ್ಲಿ ಮೆಲ್ಲಗೆ ಅಂದೆ: “ನಾನೇ ಹಾಕ್ಬಿಡ್ಲಾ? ಧಣಿ ಸಹಿ ಒಂದು ಸೊಟ್ಟ ಗೆರೆ, ಎರಡು ಚುಕ್ಕೆ.”

ಅತ್ತಿಗೆ ನಡು ಬೀದಿಯಲ್ಲಿ ನಿಂತರು. “ಲ್ಯಾಬಲ್ಲಿ ಆಗಿದ್ದೂ ಇದೇ ಕಣೋ. ನನ್ನ ಹೆಸರಲ್ಲಿ ಇನ್ಯಾರೋ ಮಾಡಿದ್ರು.”



ವರದಿ ಒಪ್ಪಿಸುವ ದಿನ ತರಗತಿಯ ಹುಡುಗರೆಲ್ಲ ಒಪ್ಪಿಸಿದರು. ಒಬ್ಬನಂತೂ ಇಲ್ಲದ ಅಂಗಡಿಗೆ ಇಲ್ಲದ ಮಾಲೀಕನನ್ನೂ ಹುಟ್ಟಿಸಿದ್ದ. ಅತ್ತಿಗೆಯ ಸಹಿಯಿಲ್ಲದ ಹಾಳೆ ನೋಡಿ ಮೇಷ್ಟ್ರಿಗೇ ಕನಿಕರವಾಯಿತಂತೆ.

“ಯಾರದಾದ್ರೂ ಒಂದು ಸಹಿ ತನ್ನಿ ಮೇಡಂ. ನಾನೇನು ಭೂತಗನ್ನಡಿ ಇಟ್ಕೊಂಡು ನೋಡ್ತೀನಾ?”

“ಸಹಿಯಿಲ್ಲದೆ ಮುಟ್ಟಿದ್ರೆ ಕಳ್ಳತನ ಅಂದಿದ್ದು ನೀವೇ ಅಲ್ವಾ ಸರ್?”

“ಅಯ್ಯೋ, ಅದು ಪರೀಕ್ಷೆಗೆ ಬರುತ್ತೆ ಅಂತ ಹೇಳಿದ್ದು!”

ಅತ್ತಿಗೆ ಫೇಲಾದರು. ಸಂಜೆ ಪಾತ್ರೆಗಳನ್ನು ಕುಕ್ಕಿದ ಸದ್ದಿಗೆ ಅಣ್ಣ ಅಡುಗೆಮನೆಯ ಬಾಗಿಲಲ್ಲೇ ನಿಂತು, “ಸಾಕು ಬಿಡೇ, ಓದಿದ್ದು” ಎಂದ. ಇನ್ನೊಂದು ಪಾತ್ರೆ ಬಿತ್ತು. ಅಣ್ಣ ಹೊರಗೆ ನಡೆದ.

ಆಮೇಲೆ ಅತ್ತಿಗೆ ಕೈ ಒರೆಸಿಕೊಳ್ಳುತ್ತ ನನ್ನತ್ತ ತಿರುಗಿದರು. “ಮುಂದಿನ ವರ್ಷಕ್ಕೆ ಈಗಿಂದ್ಲೇ ಹುಡುಕ್ಬೇಕು. ಮೇಲಿನ ಬೀದೀಲಿ ಯಾರನ್ನೂ ಕೇಳಿಲ್ಲ. ಅರ್ಧ ದಿನ ರಜೆ ಹಾಕ್ತೀಯಾ?”

ಹಾಕಿದೆ. ಮೊದಲು ಹೊಕ್ಕದ್ದು ಕನ್ನಡಕದ ಅಂಗಡಿ. ಕಾಲೇಜಿನ ಕೆಲಸ ಎಂದೊಡನೆ ಮಾಲೀಕ ನಗುತ್ತ, “ಅಷ್ಟೇನಾ? ಪಾಸ್‌ವರ್ಡ್ ಹೇಳ್ತೀನಿ...” ಎಂದು ಶುರುಮಾಡಿದ.

“ಅದನ್ನ ಹೇಳ್ಬೇಡಿ ಸ್ವಾಮಿ! ಮೊದಲು ಇದನ್ನ ಓದಿ” ಎಂದು ಅತ್ತಿಗೆ ಹಾಳೆ ಚಾಚಿದರು.

ಅವನು ಓದತೊಡಗಿದ. ಓದುತ್ತ ಓದುತ್ತ ನಗು ಕರಗಿತು. ಅತ್ತಿಗೆಯ ಕಣ್ಣು ಆಗಲೇ ಎದುರಿನ ಅಂಗಡಿಯ ಬೋರ್ಡಿನ ಮೇಲಿತ್ತು.