ಕುಂಕುಮದ ಕೆಳಗಿನ ಸ್ಟಿಕರ್

ಇಲ್ಲ, ಗಾಡಿಗೆ ಪೂಜೆ ಮಾಡಿದ್ದು ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿ, ಬಸವರಾಜನ ಗ್ಯಾರೇಜಿನಲ್ಲೇ ಇರಬೇಕು, ಕಾಡಿನ ಅಂಚಿನಲ್ಲಲ್ಲ. ಆದರೂ ನೆನಪು ಪೈನ್ ಮರಗಳನ್ನೇ ತಂದು ನಿಲ್ಲಿಸುತ್ತದೆ. ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಆಯುಧಪೂಜೆಯ ವಾರಾಂತ್ಯ ಎಂಬುದಷ್ಟೇ ಖಚಿತ. ನಾನು ವಾಸವಿದ್ದ ಶಾಮ್‌ಬರ್ಗ್‌ನಿಂದ ಮುನ್ನೂರು ಮೈಲಿಯಷ್ಟು ಡ್ರೈವ್ ಮಾಡಿ ಬಸವರಾಜನ ಮನೆ ಸೇರಿದ್ದೆ.

ಬಸವರಾಜ ಗದಗಿನವನು, ಹಿಂದೆ ನಮ್ಮ ಕಡೆಯ ಓಕ್ ಬ್ರೂಕಿನಲ್ಲಿ ನನ್ನ ಸಹೋದ್ಯೋಗಿ. ಆ ವರ್ಷ ಡೆಟ್ರಾಯಿಟ್ ಸುತ್ತ ಬೀದಿಗೊಬ್ಬರಂತೆ ಕೆಲಸ ಕಳೆದುಕೊಂಡಿದ್ದರು, ಅವನದೂ ಹೋಗಿತ್ತು. ಸೋಮವಾರ ಒಂದು ಇಂಟರ್‌ವ್ಯೂ ಇತ್ತು. ಅದೂ ಕೈಕೊಟ್ಟರೆ ವೀಸಾ ಉಳಿಯುವಂತಿರಲಿಲ್ಲ. ಕಾಡುದಾರಿಯಲ್ಲಿ ಓಡಿಸುವ ದಪ್ಪ ಚಕ್ರದ ಗಾಡಿಯನ್ನು ಮಾರುವ ಮುಂಚೆ ಕಡೆಯ ಸಲ ಏರಬೇಕೆಂಬುದು ಅವನ ಆಸೆ.

ಮರುದಿನ ಗಾಡಿಯನ್ನು ಟ್ರೇಲರ್‌ಗೆ ಹೇರಿ ಉತ್ತರಕ್ಕೆ ಹೊರಟೆವು. ನಲವತ್ತು ಡಿಗ್ರಿ ಫ್ಯಾರನ್‌ಹೀಟ್‌ನ ಚಳಿ. ಕಾಡುದಾರಿ ಶುರುವಾಗುವಲ್ಲಿ ಒಂದು ಬೋರ್ಡು: ಈ ವರ್ಷದ ಲೈಸೆನ್ಸ್ ಸ್ಟಿಕರ್ ಕಡ್ಡಾಯ, ಆ ಹಣ ದಾರಿಯ ದುರಸ್ತಿಗೆ, ಫಲಕಗಳಿಗೆ, ಗಸ್ತಿಗೆ. ಬಸವರಾಜನ ಗಾಡಿಯಲ್ಲಿದ್ದದ್ದು ಹೋದ ವರ್ಷದ್ದು.

"ಹೊಸಾದು ತಗೋರಿ ಅಂತ ಬಡಕೊಂಡೆ," ಎಂದಳು ಅವನ ಹೆಂಡತಿ ಸರೋಜಾ. "ಪೊಲೀಸ್ರು ಹಿಡದು ವೀಸಾಕ್ಕ ಏನಾರ ಆದ್ರ?"

"ಒಂದ ದಿನ ಅಡವ್ಯಾಗ ಧೂಳ ಕುಡಿಯಾಕೂ ಫೀ ಕೊಡಬೇಕೇನ? ನಿನ್ನ ಕುಂಕುಮಾನ ಕಾಯ್ತದ ಬಿಡು."

ಸ್ಟಿಕರ್‌ನ ಇಸವಿಯ ಮೇಲೆ ಗಂಧ, ಕುಂಕುಮ ದಪ್ಪಗೆ ಒಣಗಿತ್ತು. ಅವನು ನಗುತ್ತಾ ಹೊರಟ.

ಊಟದ ಹೊತ್ತಿಗೆ ಬರುತ್ತೇನೆಂದವನು ಬರಲಿಲ್ಲ. ಫೋನ್ ಸಿಗ್ನಲ್ ಇರಲಿಲ್ಲ. ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಸರೋಜಾಳ ಮಡಿಲಲ್ಲಿ ಹಾಗೇ ಇತ್ತು. ಆಗಲೇ ಗಸ್ತಿನ ಅಧಿಕಾರಿ ಬಂದು ನಿಂತ.

"ಹೇಳಬ್ಯಾಡ್ರಿ ಅಣ್ಣಾರ, ದಂಡ ಹಾಕ್ತಾನ," ಎಂದು ಅವಳು ಪಿಸುಗುಟ್ಟಿದಳು.

ಎಲ್ಲರೂ ವಾಪಸ್ ಬಂದರೇ ಎಂದು ಅಧಿಕಾರಿ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅವಳು ಡಬ್ಬಿ ಕೆಳಗಿಟ್ಟು ಎದ್ದಳು. ಗಂಡ ಇನ್ನೂ ಒಳಗೇ ಇದ್ದಾನೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು, ಎರಡು ಸಲ.

ಅವನು ಜೀಪಿನಲ್ಲಿ ಹುಡುಕಲು ಒಳಗೆ ಹೋದ. ಎಷ್ಟು ಹೊತ್ತು ಕಾದೆವೋ. ಅಧಿಕಾರಿ ಮರಳಿದಾಗ ಪಕ್ಕದಲ್ಲಿ ಬಸವರಾಜ ಕೂತಿದ್ದ, ಬಲಗೈ ಮಣಿಕಟ್ಟು ಊದಿತ್ತು. ಹಗ್ಗ ಕಟ್ಟಿದ ಗಾಡಿ ಹಿಂದಿನಿಂದ ಎಳೆಸಿಕೊಂಡು ಬಂತು. ತಿರುವಿನಲ್ಲಿ ಮಳೆ ದಾರಿಯನ್ನು ಕೊಚ್ಚಿಕೊಂಡು ಹೋಗಿತ್ತಂತೆ. ಗಾಡಿ ಹಳ್ಳಕ್ಕೆ ಮಗುಚಿತ್ತು.

"ಅಲ್ಲೊಂದು ಎಚ್ಚರಿಕೆ ಫಲಕ ಬರಬೇಕಿತ್ತು," ಎಂದ ಅಧಿಕಾರಿ. "ಈ ವರ್ಷ ಸ್ಟಿಕರ್ ಕೊಂಡವರೇ ಕಡಿಮೆ. ಒಂದೊಂದಾಗಿ ನೆಡುತ್ತಿದ್ದೇವೆ." ಬಸವರಾಜ ನೆಲ ನೋಡಿದ. ಅಧಿಕಾರಿ ಗಾಡಿಯ ಮೇಲಿನ ಕೆಂಪು ಬಣ್ಣದತ್ತ ಬೊಟ್ಟು ಮಾಡಿ ಇದೇನೆಂದು ಕೇಳಿದ.

"ಪ್ರೇಯರ್," ಎಂದಳು ಸರೋಜಾ.

ಅವನು ಬಗ್ಗಿ ನೋಡಿದ. ಎದ್ದು, ಕೈಯನ್ನು ಡಾಕ್ಟರಿಗೆ ತೋರಿಸಿ ಎಂದಷ್ಟೇ ಹೇಳಿ ಹೋದ.

ಮರಳುವಾಗ ಸರೋಜಾ ಡ್ರೈವ್ ಮಾಡಿದಳು. "ಸೋಮವಾರ ಕೈ ಕುಲುಕೂದು ಹ್ಯಾಂಗ?" ಎಂದು ಬಸವರಾಜ ನರಳಿದ.

"ಎಡಗೈ ಕೊಡ್ರಿ. ಅವ್ರಿಗೇನ್ ಗೊತ್ತಾಗತೈತಿ."

ಕನ್ನಡಿಯಲ್ಲಿ ಟ್ರೇಲರ್ ಮೇಲಿನ ಗಾಡಿಯ ಕೆಂಪು ಬಹಳ ದೂರ ಕಾಣುತ್ತಿತ್ತು. ಕೆಲಸ ಬಸವರಾಜನಿಗೆ ಸಿಕ್ಕಿತು, ದಂಡದ ನೋಟಿಸು ಬರಲೇ ಇಲ್ಲ. ಬಗ್ಗಿ ನೋಡಿದ ಅಧಿಕಾರಿಗೆ ಇಸವಿ ಕಂಡಿತ್ತೋ ಇಲ್ಲವೋ. ಕುಂಕುಮ ಸರಿಯಾಗಿ ಅದರ ಮೇಲೇ ಬಿದ್ದದ್ದು ಸರೋಜಾಳ ಭಕ್ತಿಯೋ ಜಾಣತನವೋ. ನಾನು ಕೇಳಲಿಲ್ಲ. ಆ ತಿರುವಿಗೆ ಫಲಕ ಬಂತೇ ಎಂಬುದೂ ನನಗೆ ಗೊತ್ತಿಲ್ಲ.