ಒಳಚಿಲಕದ ಕೋಣೆ

ಹಿರಿಯೂರು ಸಂತೆಯಲ್ಲಿ ಯಾರಾದರೂ ಒಂದೇ ಕಂಬಳಿಯನ್ನು ಹತ್ತು ಸಲ ತಿರುವಿ ನೋಡಿದರೆ ಮಾರುವವರು ನಗುತ್ತಾರೆ. "ಏನವ್ವ, ಯಲ್ಲಕ್ಕ ಲಂಡನ್ನಾಗೆ ಛತ್ರ ಹುಡುಕಿದಂಗೆ ಹುಡುಕ್ತೀಯಲ್ಲ!" ಎನ್ನುತ್ತಾರೆ. ಆ ನಗು ಕೇಳಿದರೆ ನನಗೆ ಮೈ ಉರಿಯುತ್ತದೆ. ಆಕೆ ಏನನ್ನು ಹುಡುಕಿದಳು, ಯಾಕೆ ಹುಡುಕಿದಳು ಎಂಬುದು ನಗುವವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ಗೊತ್ತಿದ್ದವರು ಬಾಯಿ ಮುಚ್ಚಿಕೊಂಡಿದ್ದಾರೆ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಯಲ್ಲಕ್ಕ ಹಿರಿಯೂರು ಸೀಮೆಯ ಕುರುಬರ ಹಟ್ಟಿಯವಳು. ಗಂಡ ಓಬಯ್ಯ ಕುರಿ ಕಾಯುತ್ತಿದ್ದ. ಮಗ ಪಾಲಣ್ಣ ಕಂಬಳಿ ನೇಯುತ್ತಿದ್ದ. ಯಲ್ಲಕ್ಕನೂ ಸೊಸೆ ಕೆಂಚಕ್ಕನೂ ಉಣ್ಣೆ ನೂಲುತ್ತಿದ್ದರು. ಇದಲ್ಲದೆ ಊರಿನಲ್ಲಿ ಯಾವ ಜಾತಿಯ ಮನೆಯಲ್ಲಿ ಹೆರಿಗೆಯಾದರೂ ಸೂಲಗಿತ್ತಿ ಯಲ್ಲಕ್ಕನೇ. ಆಕೆ ಹೋಗಿ ಹೆರುವವಳ ಕೋಣೆಯ ಬಾಗಿಲಿಗೆ ಒಂದು ಕರಿ ಕಂಬಳಿ ಇಳಿಬಿಟ್ಟಳೆಂದರೆ ಮುಗಿಯಿತು, ಎಂಥ ಯಜಮಾನನೂ ಆಚೆಯೇ ನಿಲ್ಲಬೇಕು.

ಮಹಾರಾಜರ ಕಾಲದ ಮಾತು ಇದು, ಸಾವಿರದ ಒಂಬೈನೂರ ಹತ್ತರ ಆಸುಪಾಸು. ಕಂಬಳಿ ವ್ಯಾಪಾರಿ ಶಿವಕುಮಾರಪ್ಪನವರ ಅಂಗಡಿಗೆ ಒಬ್ಬ ಬಿಳಿಯ ದೊರೆ ಬಂದ. ಲಂಡನ್ನಿನಲ್ಲಿ ದೊಡ್ಡ ಪ್ರದರ್ಶನ ನಡೆಯುತ್ತದೆ, ಮಗ್ಗದ ಸಮೇತ ನೇಕಾರರು ಬೇಕು ಎಂದ. ಶಿವಕುಮಾರಪ್ಪನವರಿಗೆ ಇಂಗ್ಲಿಷು ಬರುತ್ತಿತ್ತು, ದೊರೆಗೆ ದುಭಾಷಿ ಬೇಕಾಗಿತ್ತು. "ಹೋಗಿಬರೋ ಖರ್ಚು, ಊಟ, ಇಳಕಳ್ಳಾಕೆ ಮನೆ, ಎಲ್ಲ ಅವರ್ದೇ ಐತೆ. ಆರು ತಿಂಗಳು ಕಣ್ಣು ಮುಚ್ಚಿ ತೆಗೆದಂಗೆ ಹೋಗ್ತಾವೆ" ಎಂದು ಹಟ್ಟಿಗೆ ಬಂದು ಅವರೇ ಒಪ್ಪಿಸಿ, ದುಭಾಷಿಯಾಗಿ ತಾವೂ ಹೊರಟರು. ಕುರಿ ಕಾಯಲು ಓಬಯ್ಯ ಹಟ್ಟಿಯಲ್ಲೇ ಉಳಿದ. ಹಡಗು ಹತ್ತುವ ದಿನ ಕೆಂಚಕ್ಕನಿಗೆ ತಾನು ಬಸುರಿಯೆಂಬುದು ಖಾತ್ರಿಯಿರಲಿಲ್ಲ. ಇದ್ದಿದ್ದರೆ ಯಲ್ಲಕ್ಕ ಹಟ್ಟಿ ಬಿಟ್ಟು ಕದಲುತ್ತಿರಲಿಲ್ಲ.

ಇಳಿದುಕೊಳ್ಳಲು ಕೊಟ್ಟ ಮನೆ ಯಾವುದೆಂದು ಕೇಳಿ. ಪ್ರದರ್ಶನದ ಬಯಲಿನಲ್ಲೇ ಕಟ್ಟಿದ ಹುಲ್ಲುಮಾಡಿನ ಗುಡಿಸಲು, ಅದಕ್ಕೆ ಮೂರೇ ಗೋಡೆ. ನಾಲ್ಕನೆಯ ಗೋಡೆ ಇರಬೇಕಾದ ಕಡೆ ಹಗ್ಗ ಕಟ್ಟಿದ್ದರು. ಹಗ್ಗದಾಚೆ ಟಿಕೀಟು ಕೊಂಡ ಜನ ಬೆಳಗಿನಿಂದ ಸಂಜೆಯವರೆಗೆ ನಿಂತು ನೋಡುತ್ತಿದ್ದರು. ಪಾಲಣ್ಣ ನೇಯುವುದನ್ನು ನೋಡಿದರು. ಕೆಂಚಕ್ಕ ತಲೆ ಬಾಚುವುದನ್ನೂ ನೋಡಿದರು, ಮುದ್ದೆ ನುಂಗುವುದನ್ನೂ ನೋಡಿ ಬೆರಳು ತೋರಿಸಿದರು. ನಾಗರಿಕತೆಯ ಬಗ್ಗೆ ನಮಗೆ ಪಾಠ ಹೇಳಲು ಬರುವವರು ಇವರೇ!

"ನೇಯೋದು ನೋಡ್ಲಿ, ನೂಲೋದು ನೋಡ್ಲಿ, ಅದು ಕಸುಬು. ಉಣ್ಣೋರ ಬಾಯಿ ಯಾಕೆ ನೋಡ್ಬೇಕು?" ಎಂದು ಯಲ್ಲಕ್ಕ ಹಗ್ಗಕ್ಕೆ ಬೆನ್ನು ಹಾಕಿ ಉಣ್ಣತೊಡಗಿದಳು. ಮಗನಿಗೂ ಸೊಸೆಗೂ ಹಾಗೇ ಕೂರಲು ಹೇಳಿದಳು. ಹೇಗೋ ದಿನ ತಳ್ಳಿದರು.

ಕೆಂಚಕ್ಕನ ಹೊಟ್ಟೆ ಕಾಣತೊಡಗಿದ ಮೇಲೆ ದೊರೆ ಕುಣಿದಾಡಿಬಿಟ್ಟ. ಶಿವಕುಮಾರಪ್ಪ ನಗುನಗುತ್ತಾ ಬಂದರು. "ಯಲ್ಲಕ್ಕ, ನಿನ್ನ ಅದೃಷ್ಟ ತೆರೀತು ನೋಡು. ಹೆರಿಗೆ ಇಲ್ಲೇ ಆಗ್ಬೇಕಂತೆ. ದೊಡ್ಡ ಡಾಕ್ಟ್ರನ್ನ ಕರೆಸ್ತಾರಂತೆ. ಕೂಸಿಗೆ ಬಂಗಾರದ ಸರ ಹಾಕ್ತಾರಂತೆ."

"ಎಲ್ಲಿ, ಈ ಹಗ್ಗದ ಹಿಂದ್ಲಾ?"

"ಪರದೆ ಕಟ್ಟಿಸ್ತಾರಮ್ಮ. ಕೂಸು ಹುಟ್ಟಿದ ಮ್ಯಾಲೆ ಪರದೆ ಸರಿಸ್ತಾರೆ. ಅದಕ್ಕೆ ಟಿಕೀಟು ಬ್ಯಾರೆ."

ಯಲ್ಲಕ್ಕ ಕದಿರು ಕೆಳಗಿಟ್ಟಳು. "ಸಾವ್ಕಾರ್ರೆ, ನಿಮ್ಮ ಬಾಯಾಗೆ ಈ ಮಾತು ಹೆಂಗೆ ಬಂತು? ಲೇ ಪಾಲಣ್ಣ, ಮಗ್ಗ ಬಿಟ್ಟೇಳು. ನಮ್ಮ ಕೂಲಿಯಾಗೆ ಒಂದು ಛತ್ರ ಹಿಡಿಯಾಣ. ಸಾವ್ಕಾರ್ರೆ, ಮುಂದೆ ನಡೀರಿ, ಕೇಳಾಕೆ ನಿಮ್ಮ ಇಂಗ್ಲೀಸು ಬೇಕು."

ಮಗ್ಗ ನಿಂತರೆ ದೊರೆಯ ಬೈಗುಳ ತಿನ್ನಬೇಕಾದವರು ಶಿವಕುಮಾರಪ್ಪನವರೇ. ಗೊಣಗುತ್ತಾ ಹೊರಟರು. ಹೊರಗೆ ಉಳಿಯುವುದಾದರೆ ಬಾಡಿಗೆಗೆ ಒಂದು ಕಾಸೂ ಕೊಡುವುದಿಲ್ಲ ಎಂದು ದೊರೆ ಕಡ್ಡಿ ಮುರಿದಂತೆ ಹೇಳಿದ್ದ. ಆದ್ದರಿಂದ ಅಗ್ಗದ ವಸತಿಯನ್ನೇ ನೋಡಬೇಕಿತ್ತು.

ಮೊದಲನೆಯ ಮನೆಯವಳು ಕಂಬಳಿ ಹೊದ್ದ ಹೆಂಗಸನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಕೋಣೆ ಖಾಲಿಯಿಲ್ಲ ಎಂದಳು. ಖಾಲಿಯಿದೆ ಎಂಬ ಬೋರ್ಡು ಅವಳ ತಲೆಯ ಪಕ್ಕದಲ್ಲೇ ಇತ್ತು. ಎರಡನೆಯದು ಚೊಕ್ಕಟವಾದ ಮನೆ, ಕಬ್ಬಿಣದ ಮಂಚ, ಬಿಳಿಯ ಹಾಸಿಗೆ, ಬೆಳಿಗ್ಗೆ ರೊಟ್ಟಿಯೂ ಚಹಾವೂ ಬಾಡಿಗೆಯಲ್ಲೇ ಸೇರಿತ್ತು. ಶಿವಕುಮಾರಪ್ಪ ಉಸ್ಸೆಂದು ಕುಳಿತರು. ಯಲ್ಲಕ್ಕ ಮಂಚದ ಕಡೆ ತಿರುಗಿಯೂ ನೋಡಲಿಲ್ಲ. ಬಾಗಿಲ ಹಿಂದೆ ಕೈಯಾಡಿಸಿದಳು. ಚಿಲಕವಿರಲಿಲ್ಲ. ಬೀಗದ ಕೈ ಒಡತಿಯ ಹತ್ತಿರವೇ ಇರುತ್ತದಂತೆ, ಅವಳು ಬೇಕಾದಾಗ ಬಂದು ನೋಡುತ್ತಾಳಂತೆ.

"ಬ್ಯಾಡ, ಹೋಗಾಣ."

ಮೂರನೆಯ ಮನೆಯಲ್ಲಿ ಚಿಲಕವಿತ್ತು, ಆದರೆ ಬಾಗಿಲ ಮೇಲರ್ಧ ಗಾಜು. ಅದೂ ಬೇಡವಾಯಿತು. "ನಿನಗೇನು ಮೈಸೂರು ಅರಮನೆ ಬೇಕೇನು?" ಎಂದು ಶಿವಕುಮಾರಪ್ಪ ರೇಗಿದರು.

"ಅರಮನೆ ಯಾರಿಗೆ ಬೇಕು? ಬಾಗ್ಲು ಬೇಕು."

ನಾಲ್ಕನೆಯದು ರೈಲು ಹಾದಿಯ ಪಕ್ಕದಲ್ಲಿತ್ತು. ನೆಲಕ್ಕಿಂತ ಕೆಳಗೆ ಅರ್ಧ ಹೂತಂತಿದ್ದ ಕೋಣೆ, ಗೋಡೆಯೆಲ್ಲ ತೇವ. ಒಡತಿ ಬಟ್ಟೆ ಒಗೆದು ಬದುಕುವ ಮುದುಕಿ. ಶಿವಕುಮಾರಪ್ಪ ಮೂಗಿಗೆ ಕರ್ಚೀಪು ಹಿಡಿದರು. ಯಲ್ಲಕ್ಕ ಅವರನ್ನು ಆಚೆ ಕಳಿಸಿ ಬಾಗಿಲು ಹಾಕಿ ಚಿಲಕ ಜಡಿದಳು.

"ತಳ್ರಿ!" ಎಂದು ಒಳಗಿನಿಂದ ಕೂಗಿದಳು.

ಅವರು ತಳ್ಳಿದರು.

"ಜೋರಾಗಿ ತಳ್ರಿ ಸಾವ್ಕಾರ್ರೆ, ಉಂಡಿಲ್ಲೇನು?"

ಭುಜ ಕೊಟ್ಟು ತಳ್ಳಿದರು. ಬಾಗಿಲು ಅಲ್ಲಾಡಲಿಲ್ಲ. ಚಿಲಕ ತೆಗೆದು ಹೊರಗೆ ಬಂದು "ಇದೇ ಆಗ್ಲಿ" ಎಂದಳು. ಸಂತೆಯವರು ಹಲ್ಲು ಕಿರಿಯುವುದು ಇದಕ್ಕೇ. ಹುಚ್ಚು ಹೆಂಗಸು, ಒಳ್ಳೆಯ ಮಂಚ ಬಿಟ್ಟು ಚಿಲಕಕ್ಕೆ ಬಾಡಿಗೆ ಕೊಟ್ಟಳು ಎಂದು.

ಪಾಲಣ್ಣನಿಗೂ ಬಂಗಾರದ ಸರದ ಮೇಲೆ ಮನಸ್ಸಿತ್ತು. "ಬರೋ ಲಕ್ಷ್ಮೀನ ಒದೀತೀಯಲ್ಲವ್ವ" ಎಂದ. ಯಲ್ಲಕ್ಕ ಬಾಯಿ ತೆರೆಯುವ ಮೊದಲೇ ಕೆಂಚಕ್ಕ, "ಅಷ್ಟು ಆಸೆ ಇದ್ರೆ ನೀನೇ ಹೋಗಿ ಹಗ್ಗದ ಹಿಂದ್ಲು ಹೆರು, ಹೋಗು" ಎಂದಳು. ಅಂದಿನಿಂದ ತಾಯಿ ಮಗ ಹಗಲು ಪ್ರದರ್ಶನಕ್ಕೆ ಹೋಗಿಬರುತ್ತಿದ್ದರು, ಕೆಂಚಕ್ಕ ಕೋಣೆ ಬಿಟ್ಟು ಕದಲಲಿಲ್ಲ. ಕೂಲಿಯ ಮುಕ್ಕಾಲು ಬಾಡಿಗೆಗೇ ಹೋಯಿತು.

ದೊರೆ ಮಾತ್ರ, ಇಲ್ಲೊಂದು ಕೂಸು ಹುಟ್ಟಲಿದೆ ಎಂಬ ಬೋರ್ಡನ್ನು ಗುಡಿಸಲ ಮುಂದೆ ಆಗಲೇ ನಿಲ್ಲಿಸಿದ್ದ. ಅದನ್ನು ಓದಿ ಟಿಕೀಟು ಕೊಂಡವರು ಕೂಸೆಲ್ಲಿ ಎಂದು ಕೇಳತೊಡಗಿದ್ದರು.

ಹೆರಿಗೆಯಾಯಿತು. ಸುದ್ದಿ ಹೇಗೋ ಮುಟ್ಟಿ, ಮಧ್ಯಾಹ್ನಕ್ಕೆಲ್ಲ ದೊರೆ ಫೋಟೋದವನನ್ನೂ ಶಿವಕುಮಾರಪ್ಪನವರನ್ನೂ ಕರೆದುಕೊಂಡು ಬಂದ. ಯಲ್ಲಕ್ಕ ಬಾಗಿಲಾಚೆ ಬಂದು ಕಂಬಳಿ ಇಳಿಬಿಟ್ಟು ಅದರ ಮುಂದೆ ಕೂತಳು. ಒಳಗೆ ಬಾಣಂತಿಯ ಜೊತೆಗಿದ್ದ ಒಡತಿ ಮುದುಕಿ ಚಿಲಕ ಹಾಕಿದಳು. ಒಳಗೆ ಕೂಸು ಅಳುತ್ತಿತ್ತು.

ಶಿವಕುಮಾರಪ್ಪ ದೊರೆ ಹೇಳಿದ್ದನ್ನೆಲ್ಲ ಹೇಳಿದರು. ಸರದ ಆಸೆ ತೋರಿಸಿದರು, ಆಮೇಲೆ ಕೂಲಿ ನಿಲ್ಲಿಸುತ್ತೇವೆಂದು ಹೆದರಿಸಿದರು. ಯಲ್ಲಕ್ಕ ಎದ್ದೇಳಲಿಲ್ಲ. ಕೊನೆಗೆ, "ಗಂಡೋ ಹೆಣ್ಣೋ, ಅಷ್ಟಾದ್ರೂ ಹೇಳಮ್ಮ. ಬೋರ್ಡಿಗೆ ಬರೀಬೇಕಂತೆ" ಎಂದರು.

"ಸಾವ್ಕಾರ್ರೆ, ನಿಮ್ಮ ಮಗಳು ದಾಕ್ಷಾಯಣಮ್ಮೋರು ಹೆತ್ತಾಗ ನೀವು ಎಲ್ಲಿ ನಿಂತಿದ್ರಿ?"

ಅವರು ದೊರೆಯ ಕಡೆ ತಿರುಗಿದರು.

"ಹಿತ್ಲಾಗೆ ನಿಂತಿದ್ರಿ. ಮಗಳು ಚೀರಿದ್ದು ಕೇಳಿ ತಡೀಲಾರ್ದೆ ಬಂದ್ರಿ, ಒಂದ್ಸಲ ಮುಖ ನೋಡ್ತೀನಿ ಅಂದ್ರಿ. ನಾನು ಬಿಡ್ಲಿಲ್ಲ. ಹುಟ್ಟಿಸಿದ ಅಪ್ಪನ್ನೇ ಬಿಡದೋಳು ಇವರ್ನ ಬಿಡ್ತೀನಾ? ಕೇಳ್ರಿ ನಿಮ್ಮ ದೊರೇನ, ಅವನ ಹೆಂಡ್ತಿ ಹೆತ್ತಾಗ ಎಷ್ಟು ಟಿಕೀಟು ಮಾರಿದ ಅಂತ."

ಆಕೆ ಏನೆನ್ನುತ್ತಿದ್ದಾಳೆ ಎಂದು ದೊರೆ ಮತ್ತೆ ಮತ್ತೆ ಕೇಳಿದ. ಶಿವಕುಮಾರಪ್ಪ ತಲೆ ತಗ್ಗಿಸಿದರು. ಹೇಳುವುದಿಲ್ಲವಂತೆ ಎಂದರು. ಇನ್ನೊಂದು ಸಲ ಕೇಳು ಎಂದು ದೊರೆ ಗದರಿದ. "ನಾನೂ ಕೇಳೋದಿಲ್ಲ" ಎಂದು ಅವರು ಮೆಟ್ಟಿಲು ಹತ್ತಿ ಹೊರಟುಹೋದರು.

ಮಾರನೆಯ ದಿನವೇ ದೊರೆ ಇವರನ್ನು ಕೆಲಸದಿಂದ ಬಿಡಿಸಿದ. ಕೊಡಬೇಕಾದ ಕೂಲಿ ಕೊಡಲಿಲ್ಲ, ಮಗ್ಗವನ್ನೂ ಇಟ್ಟುಕೊಂಡ. ಉಳಿದಿದ್ದ ಕಾಸು ಕೊಟ್ಟು, ಹಡಗಿನ ಮೇಲ್ತಟ್ಟಿನಲ್ಲಿ ಬಿಸಿಲು ಗಾಳಿ ತಿಂದು ಊರಿಗೆ ಬಂದರು. ಅಂಗಡಿಯಲ್ಲಿ ಕೂತು ಛತ್ರದ ತಮಾಷೆ ಹುಟ್ಟಿಸಿದವರು ಶಿವಕುಮಾರಪ್ಪನವರೇ. ಆ ಮೆಟ್ಟಿಲ ಮಾತು ಮಾತ್ರ ಅವರು ಯಾರಿಗೂ ಹೇಳಲಿಲ್ಲ. ತಲೆ ತಗ್ಗಿಸಿದ್ದು ಊರಿಗೆ ತಿಳಿಯಬಾರದೆಂದು ಹೆಂಗಸಿನ ಮೇಲೆ ನಗೆ ಹೊರಿಸಿದರು, ಇದಕ್ಕಿಂತ ಹೇಡಿತನ ಇನ್ನೇನಿದೆ?

ಇಷ್ಟು ಓದಿದ ಮೇಲೆ ಆ ಕೂಸು ಗಂಡೋ ಹೆಣ್ಣೋ ಎಂದು ನೀವು ಕೇಳಬಹುದು. ನನಗೆ ಗೊತ್ತು, ಆದರೆ ಬರೆಯುವುದಿಲ್ಲ.